ಭಾರ ಇಳಿಸಿದ ಕಾರು, ಭಾರ ಹೊರುವ ಘಟ್ಟ

ಜಪಾನಿನ ನಿಸ್ಸಾನ್ ಕಂಪನಿಯು 2011ರ ಏಪ್ರಿಲ್ ತಿಂಗಳಿನಲ್ಲಿ ನ್ಯೂಯಾರ್ಕಿನ ವಾಹನ ಪ್ರದರ್ಶನಕ್ಕೆ ಒಂದು ಓಟದ ಕಾರನ್ನು ತಂದು ನಿಲ್ಲಿಸಿತ್ತು. ಅದಕ್ಕೆ ಕೆಲವೇ ತಿಂಗಳ ಹಿಂದೆ ಮಾರಾಟಕ್ಕೆ ಬಂದಿದ್ದ ‘ಲೀಫ್’ ಎಂಬ ಸಂಸಾರಸ್ಥರ ವಿದ್ಯುತ್ ಕಾರಿನ ಇನ್ನೊಂದು ಅವತಾರ ಅದು. ಮೋಟಾರು ಅದೇ, 80 ಕಿಲೋವ್ಯಾಟಿನದು. ಬ್ಯಾಟರಿಯೂ ಅದೇ, 24 ಯೂನಿಟ್ ವಿದ್ಯುತ್ ಹಿಡಿಯುವಂಥದು. ಬೀದಿಯ ಲೀಫ್ ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಹನ್ನೊಂದು ಸೆಕೆಂಡಿಗೂ ಹೆಚ್ಚು ಹೊತ್ತು ತೆಗೆದುಕೊಂಡರೆ, ಓಟದ ಲೀಫ್ ಏಳು ಸೆಕೆಂಡಿನ ಒಳಗೆ ಅದನ್ನು ಮುಟ್ಟುತ್ತಿತ್ತು. ಶಕ್ತಿಯನ್ನು ಗುಲಗಂಜಿಯಷ್ಟೂ ಹೆಚ್ಚಿಸದೆ ಇದು ಸಾಧ್ಯವಾಯಿತು. ಹಿಂದಿನ ಬಾಗಿಲುಗಳು, ಹಿಂದಿನ ಆಸನ, ನೆಲಹಾಸು, ಹಾಡು ಕೇಳಿಸುವ ಯಂತ್ರ ಎಲ್ಲವನ್ನೂ ಕೈಬಿಟ್ಟು, ಒಡಲನ್ನು ಕಾರ್ಬನ್ ನಾರಿನಿಂದ ಹೊಸದಾಗಿ ಕಟ್ಟಿ, ತೂಕವನ್ನು ಶೇಕಡಾ 40ರಷ್ಟು ಇಳಿಸಲಾಗಿತ್ತು. ಒಂದೂವರೆ ಟನ್ನಿನ ಕಾರು ಒಂದು ಟನ್ನಿಗಿಂತ ಕಡಿಮೆಯಾಗಿತ್ತು.

ವಿದ್ಯುತ್ ವಾಹನಗಳನ್ನು ಕುರಿತ ಚರ್ಚೆ ಪರಿಸರದ ವೇದಿಕೆಗಳಲ್ಲಿ ಹೊಗೆಯಿಂದ ಆರಂಭವಾಗಿ ಹೊಗೆಯಲ್ಲಿಯೇ ಮುಗಿಯುವುದು ರೂಢಿ. ಹೊಗೆಯಿಲ್ಲವೆಂದ ಮೇಲೆ ಒಳ್ಳೆಯದೇ ಸರಿ ಎಂದು ಒಂದು ಪಕ್ಷ. ಕಲ್ಲಿದ್ದಲಿನ ಸ್ಥಾವರದಲ್ಲಿ ಹೊಗೆ ಬರುವುದಲ್ಲ ಎಂದು ಇನ್ನೊಂದು ಪಕ್ಷ. ಇವೆರಡರ ನಡುವೆ ವಾಹನದ ತೂಕ, ಅದರ ಬಿಸಿ, ಅದರ ಬ್ರೇಕು, ಅದರ ಟೈರು ಯಾರ ಲೆಕ್ಕಕ್ಕೂ ಸಿಗದೆ ಉಳಿದುಬಿಡುತ್ತವೆ. ಈ ನಾಲ್ಕೂ ಬೆತ್ತಲಾಗಿ ಕಾಣಿಸಿಕೊಳ್ಳುವ ಜಾಗ ಓಟದ ಅಂಗಳ. ಮಾರಾಟಗಾರನ ಬಣ್ಣದ ಪುಸ್ತಿಕೆಯಲ್ಲಿ ಮುಚ್ಚಿಟ್ಟದ್ದು ಅಲ್ಲಿ ಐದೇ ನಿಮಿಷದಲ್ಲಿ ಹೊರಬೀಳುತ್ತದೆ. ಘಟ್ಟ ಹತ್ತಿ ಇಳಿಯುವ ಜನರಿಗೆ ಬೇಕಾದ ತಿಳಿವಳಿಕೆಯೂ ಇದೇ ಆಗಿರುವುದರಿಂದ, ಕಾರಿನ ಓಟ ಶ್ರೀಮಂತರ ಶೋಕಿಯೆಂದು ಮುಖ ತಿರುಗಿಸುವುದು ಜಾಣತನವಲ್ಲ. ಶೋಕಿಯೆಂಬುದೇನೋ ನಿಜ.

ಬೀದಿಯ ವಿದ್ಯುತ್ ಕಾರನ್ನು ಓಟಕ್ಕೆ ಅಣಿಗೊಳಿಸುವವರು ಮೊದಲು ಕೈಹಾಕುವುದು ಮೋಟಾರಿಗಲ್ಲ, ಒಳಗಿನ ಸಜ್ಜಿಕೆಗೆ. ಆಸನಗಳು ಹೊರಬರುತ್ತವೆ, ನೆಲಹಾಸು ಬರುತ್ತದೆ, ಸದ್ದು ಕೇಳಿಸದಂತೆ ಅಂಟಿಸಿದ ದಪ್ಪ ಹಾಳೆಗಳು ಬರುತ್ತವೆ, ಸ್ಪೀಕರುಗಳು, ಬಾಗಿಲಿನ ಒಳಹೊದಿಕೆಗಳು, ಗಾಜಿನ ಚಾವಣಿ ಎಲ್ಲವೂ ಬರುತ್ತವೆ. ಕಿಟಕಿಯ ಗಾಜಿನ ಬದಲು ಪಾಲಿಕಾರ್ಬೊನೇಟ್ ಹಾಳೆ, ಉಕ್ಕಿನ ಬಾನೆಟ್ಟಿನ ಬದಲು ಕಾರ್ಬನ್ ನಾರಿನದು. ಆಮೇಲೆ ಒಂದಿಷ್ಟು ತೂಕವನ್ನು ಮರಳಿ ಸೇರಿಸಬೇಕಾಗುತ್ತದೆ: ಕಾರು ಮಗುಚಿದರೂ ಚಾವಣಿ ಕುಸಿಯದಂತೆ ಉಕ್ಕಿನ ಕೊಳವೆಗಳ ಪಂಜರ, ಚಾಲಕನನ್ನು ಆಸನಕ್ಕೆ ಬಿಗಿಯುವ ಪಟ್ಟಿಗಳು, ಬೆಂಕಿ ಆರಿಸುವ ಸಾಧನ, ಹೊರಗಿನಿಂದಲೇ ವಿದ್ಯುತ್ ಕಡಿಯಬಹುದಾದ ಸ್ವಿಚ್ಚು. ಇಷ್ಟೆಲ್ಲ ಮಾಡಿದರೂ ತೆಗೆಯಲಾಗದ ಒಂದು ಭಾರ ನೆಲಕ್ಕೆ ಅಂಟಿಕೊಂಡಂತೆ ಉಳಿಯುತ್ತದೆ. ಅದು ಬ್ಯಾಟರಿ. ಜಾಗ್ವಾರ್ ಕಂಪನಿಯ ‘ಐ-ಪೇಸ್’ ಎಂಬ ಕಾರಿನಲ್ಲಿ ಬ್ಯಾಟರಿಯ ತೂಕವೇ ಸುಮಾರು 600 ಕಿಲೋ. ಪೆಟ್ರೋಲ್ ಕಾರು ಓಡಿದಂತೆಲ್ಲ ಟ್ಯಾಂಕು ಬರಿದಾಗಿ ಹಗುರಾಗುತ್ತದೆ. ಬ್ಯಾಟರಿಯಾದರೋ ಬರಿದಾದ ಮೇಲೂ ಅದೇ 600 ಕಿಲೋ.

ಈ ಐ-ಪೇಸ್ ಕಾರುಗಳಿಗಾಗಿಯೇ ಒಂದು ಸರಣಿ ನಡೆದದ್ದುಂಟು. ಬೀದಿಯ ಕಾರಿನ ಬ್ಯಾಟರಿಯನ್ನೂ ಎರಡು ಮೋಟಾರುಗಳನ್ನೂ ಹಾಗೆಯೇ ಉಳಿಸಿಕೊಂಡು, ಒಳಗನ್ನು ಬರಿದು ಮಾಡಿ, ಪಂಜರ ಕೂರಿಸಿ, ಬ್ರೇಕನ್ನು ಬದಲಿಸಿ ಓಡಿಸಿದ ಸರಣಿ ಅದು. 2018ರ ಡಿಸೆಂಬರಿನಲ್ಲಿ ಸೌದಿ ಅರೇಬಿಯಾದಲ್ಲಿ ಆರಂಭವಾಗಿ, 2020ರ ಆಗಸ್ಟಿನಲ್ಲಿ ಬರ್ಲಿನ್ ನಗರದಲ್ಲಿ ಕೊನೆಗೊಂಡಿತು. ಎರಡೇ ವರ್ಷದ ಆಯುಸ್ಸು. ಆದರೂ ಅದು ನಡೆಯಿತು ಎಂಬುದೇ ದೊಡ್ಡದು. ಟೆಸ್ಲಾ ಕಂಪನಿಯ ‘ಮಾಡೆಲ್ ಎಸ್’ ಕಾರುಗಳನ್ನು ಸುಮಾರು ಅರ್ಧ ಟನ್ ಹಗುರಗೊಳಿಸಿ ಓಡಿಸುತ್ತೇವೆಂದು 2016ರಲ್ಲಿ ಘೋಷಣೆಯಾಗಿದ್ದ ‘ಎಲೆಕ್ಟ್ರಿಕ್ ಜಿಟಿ’ ಎಂಬ ಸರಣಿ 2017ಕ್ಕೆಂದು, ಆಮೇಲೆ 2018ಕ್ಕೆಂದು ಮುಂದೂಡಿಕೆಯಾಗುತ್ತ ಹೋಗಿ, ಒಂದು ಓಟವನ್ನೂ ಕಾಣದೆ ಮರೆಯಾಯಿತು.

ಬೀದಿಯ ಮಾಡೆಲ್ ಎಸ್ ಕಾರನ್ನು ಆ ವರ್ಷಗಳಲ್ಲಿ ಓಟದ ಅಂಗಳಕ್ಕೆ ಕೊಂಡೊಯ್ದವರೆಲ್ಲ ಕಂಡ ಸಂಗತಿ ಒಂದೇ. ಒಂದು ಸುತ್ತು ಮಿಂಚಿನಂತೆ ಓಡುತ್ತಿದ್ದ ಕಾರು ಎರಡನೆಯ ಸುತ್ತಿಗೆ ತಾನಾಗಿಯೇ ಶಕ್ತಿಯನ್ನು ತಗ್ಗಿಸಿಕೊಳ್ಳುತ್ತಿತ್ತು. ಕೆಟ್ಟುಹೋಗಿ ಅಲ್ಲ, ಬಿಸಿಯಾಗಿ. ಪದವಿಪೂರ್ವ ತರಗತಿಯ ಭೌತಶಾಸ್ತ್ರ ಓದಿದ ವಿದ್ಯಾರ್ಥಿಗೆ ಇದರ ಕಾರಣ ಗೊತ್ತಿರುತ್ತದೆ: ವಾಹಕದಲ್ಲಿ ಹರಿಯುವ ವಿದ್ಯುತ್ ಪ್ರವಾಹ ಇಮ್ಮಡಿಯಾದರೆ ಹುಟ್ಟುವ ಬಿಸಿ ನಾಲ್ಮಡಿಯಾಗುತ್ತದೆ. ಪೇಟೆಯ ರಸ್ತೆಯಲ್ಲಿ ಒಮ್ಮೆ ಒತ್ತಿ ಬಿಡುವ ಕಾಲು, ಓಟದಲ್ಲಿ ಒತ್ತಿಯೇ ಇರುತ್ತದೆ. ತಿರುವಿಗೆ ಬಂದೊಡನೆ ಬ್ರೇಕಿನ ವಿದ್ಯುತ್ತು ಅಷ್ಟೇ ರಭಸದಿಂದ ಹಿಂದಕ್ಕೆ ಬ್ಯಾಟರಿಗೆ ನುಗ್ಗುತ್ತದೆ. ಕೊಟ್ಟಾಗಲೂ ಬಿಸಿ, ಪಡೆದಾಗಲೂ ಬಿಸಿ. ಆದುದರಿಂದ ಓಟದ ಕಾರಿನವರು ಹಣ ಸುರಿಯುವುದು ತಂಪಿಗೆ. ದೊಡ್ಡ ರೇಡಿಯೇಟರು, ಹೆಚ್ಚು ನೀರು ನೂಕುವ ಪಂಪು, ಗಾಳಿಗೆ ದಾರಿ ಮಾಡಿಕೊಡುವ ಹೊಸ ಕಿಂಡಿಗಳು. ಟೆಸ್ಲಾ ಕಂಪನಿ 2018ರ ಕೊನೆಯಲ್ಲಿ ತನ್ನ ‘ಮಾಡೆಲ್ 3’ ಕಾರಿನ ವೇಗದ ಮಾದರಿಗೆ ಕೊಟ್ಟ ‘ಟ್ರ್ಯಾಕ್ ಮೋಡ್’ ಎಂಬ ಸವಲತ್ತಿನ ಮುಖ್ಯ ಕೆಲಸಗಳಲ್ಲೊಂದು ಓಟಕ್ಕೆ ಮುನ್ನವೇ ಬ್ಯಾಟರಿಯನ್ನೂ ಮೋಟಾರನ್ನೂ ತಣ್ಣಗಾಗಿಸಿಡುವುದು.

ಬಿಸಿ ಹದ್ದು ಮೀರಿದರೆ ಏನಾದೀತೆಂಬುದನ್ನು ಮಲೆನಾಡಿನ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸರಿಯಾಗಿ ಒಣಗದ ಹುಲ್ಲನ್ನು ಅವಸರದಲ್ಲಿ ಗೊಣಬೆ ಒಟ್ಟಿದರೆ ಅದು ಒಳಗೊಳಗೇ ಕಾಯುತ್ತದೆ. ಕಾದಷ್ಟೂ ಒಳಗಿನ ಕ್ರಿಯೆ ಚುರುಕಾಗುತ್ತದೆ, ಚುರುಕಾದಷ್ಟೂ ಇನ್ನಷ್ಟು ಕಾಯುತ್ತದೆ. ಹೊರಗೆ ಯಾರೂ ಕಡ್ಡಿ ಗೀರದೆಯೇ ಒಂದು ದಿನ ಗೊಣಬೆ ಉರಿದುಹೋಗುತ್ತದೆ. ಲಿಥಿಯಂ ಬ್ಯಾಟರಿಯ ‘ಥರ್ಮಲ್ ರನ್‌ಅವೇ’ ಎಂಬುದರ ತರ್ಕವೂ ಇದೇ: ಒಂದು ಕೋಶದ ಬಿಸಿ ಪಕ್ಕದ ಕೋಶವನ್ನು ಕೆಣಕುತ್ತದೆ, ಅದು ಮುಂದಿನದನ್ನು. ಸ್ಪೇನಿನ ಹೆರೆಜ್ ಓಟದ ಅಂಗಳದಲ್ಲಿ 2019ರ ಮಾರ್ಚಿನ ಒಂದು ರಾತ್ರಿ ಡೇರೆಗೆ ಬೆಂಕಿ ಹತ್ತಿ, ಆ ವರ್ಷದ ವಿದ್ಯುತ್ ಬೈಕುಗಳ ಓಟಕ್ಕೆಂದು ಸಿದ್ಧವಾಗಿದ್ದ 18 ಬೈಕುಗಳೂ ಬೂದಿಯಾದವು. ಓಟದ ವಿದ್ಯುತ್ ಕಾರು ಅಪಘಾತಕ್ಕೀಡಾದಾಗ ಸಹಾಯಕರು ಓಡಿಹೋಗಿ ಬಾಗಿಲು ಎಳೆಯುವುದಿಲ್ಲ. ಕಾರಿನ ಮೇಲೆ ಹಸಿರು ದೀಪ ಉರಿಯುತ್ತಿದೆಯೇ ಎಂದು ಮೊದಲು ನೋಡುತ್ತಾರೆ, ರಬ್ಬರ್ ಕೈಗವಸು ತೊಟ್ಟು ಅನಂತರ ಮುಟ್ಟುತ್ತಾರೆ. ಅಲ್ಲಿ ನೂರಾರು ವೋಲ್ಟಿನ ನೇರ ವಿದ್ಯುತ್ತು ಕಾಯುತ್ತಿರುತ್ತದೆ. ಹಳ್ಳಿಯ ಗ್ಯಾರೇಜಿನಲ್ಲಿ ಹಳೆಯ ವಿದ್ಯುತ್ ಕಾರೊಂದನ್ನು ಬಿಚ್ಚಿ ನೋಡುವ ಉತ್ಸಾಹ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬಂದರೆ ತಪ್ಪೇನಿಲ್ಲ. ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳನ್ನು ಮಾತ್ರ ತರಬೇತಿ ಇಲ್ಲದವರು ಮುಟ್ಟಕೂಡದು.

ಅಂಗಳದ ಓಟ ಸಮನೆಲದ್ದು. ಬೆಟ್ಟದ ಜನರಿಗೆ ನಿಜವಾಗಿ ಪಾಠವಾಗಬಲ್ಲ ಓಟ ಬೇರೊಂದಿದೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಪೈಕ್ಸ್ ಪೀಕ್ ಎಂಬ ಶಿಖರವಿದೆ. ಅದರ ರಸ್ತೆಯ ಮೇಲೆ 1916ರಿಂದ ವಾಹನಗಳ ಏರು ಓಟ ನಡೆಯುತ್ತ ಬಂದಿದೆ. 20 ಕಿಲೋಮೀಟರಿನ ದಾರಿ, 156 ತಿರುವುಗಳು, ಆರಂಭದಿಂದ ಕೊನೆಗೆ 1,440 ಮೀಟರ್ ಏರು. ಕೊನೆ ಮುಟ್ಟುವುದು ಸಮುದ್ರಮಟ್ಟದಿಂದ 4,300 ಮೀಟರ್ ಎತ್ತರದಲ್ಲಿ. ಅಲ್ಲಿನ ತೆಳು ಗಾಳಿಯಲ್ಲಿ ಪೆಟ್ರೋಲ್ ಇಂಜಿನ್ನು ಉಸಿರು ಸಾಲದೆ ಸೊರಗುತ್ತದೆ. ವಿದ್ಯುತ್ ಮೋಟಾರಿಗೆ ಉಸಿರಿನ ಹಂಗಿಲ್ಲ. ಹೀಗಾಗಿ ಈ ಬೆಟ್ಟ ವಿದ್ಯುತ್ ಕಾರುಗಳಿಗೆ ಒಲಿಯಿತು. ಬೀದಿಯ ಮಾಡೆಲ್ ಎಸ್ ಕಾರನ್ನು ಬರಿದು ಮಾಡಿ ಬ್ಲೇಕ್ ಫುಲ್ಲರ್ 2016ರಲ್ಲಿ 11 ನಿಮಿಷ 48 ಸೆಕೆಂಡುಗಳಲ್ಲಿ ತುದಿ ಮುಟ್ಟಿದರು. 2024ರಲ್ಲಿ ಹ್ಯುಂಡೈ ಕಂಪನಿಯ ‘ಅಯೋನಿಕ್ 5 ಎನ್’ ಎಂಬ ಬೀದಿಯ ಕಾರಿನಿಂದ ರೂಪಿಸಿದ ಓಟದ ಕಾರಿನಲ್ಲಿ ಡಾನಿ ಸೋರ್ಡೊ 9 ನಿಮಿಷ 30 ಸೆಕೆಂಡುಗಳಲ್ಲಿ ಮುಟ್ಟಿದರು. (ಓಟಕ್ಕೆಂದೇ ಕಟ್ಟಿದ ಫೋಕ್ಸ್‌ವ್ಯಾಗನ್ ವಿದ್ಯುತ್ ಕಾರು 2018ರಲ್ಲಿ ಎಂಟು ನಿಮಿಷದ ಒಳಗೇ ಮುಟ್ಟಿತ್ತು; ಅದಕ್ಕೂ ಬೀದಿಗೂ ಸಂಬಂಧವಿಲ್ಲ.) 2020ರಲ್ಲಿ ರ‍್ಯಾಂಡಿ ಪೋಬ್ಸ್ಟ್ ಓಡಿಸುತ್ತಿದ್ದ ಮಾಡೆಲ್ 3 ಅಭ್ಯಾಸದ ವೇಳೆ ರಸ್ತೆಯ ಉಬ್ಬೊಂದರ ಮೇಲೆ ಹಾರಿ ದಾರಿ ಬಿಟ್ಟು ಬಂಡೆಗಳಿಗೆ ಬಡಿಯಿತು. ಭಾರವಾದ ಕಾರು ಉಬ್ಬುತಗ್ಗಿನ ರಸ್ತೆಯಲ್ಲಿ ವೇಗವಾಗಿ ಹೋದರೆ ಏನಾಗುತ್ತದೆಂಬುದಕ್ಕೆ ಅದು ಉದಾಹರಣೆ.

ಏರುವುದಕ್ಕೆ ಗಡಿಯಾರ ಹಿಡಿಯುವವರಿದ್ದಾರೆ. ಇಳಿಯುವುದಕ್ಕೆ ಯಾರೂ ಇಲ್ಲ. ಆದರೆ ಬೆಟ್ಟದ ಜನಕ್ಕೆ ಪ್ರಾಣಸಂಕಟ ಇರುವುದು ಇಳಿಜಾರಿನಲ್ಲಿಯೇ. ಪೈಕ್ಸ್ ಪೀಕ್ ರಸ್ತೆ ಓಟದ ದಿನಗಳನ್ನುಳಿದು ಪ್ರವಾಸಿಗರ ರಸ್ತೆ. ಇಳಿಯುವ ದಾರಿಯ ನಡುವೆ ಗ್ಲೆನ್ ಕೋವ್ ಎಂಬಲ್ಲಿ ಸಿಬ್ಬಂದಿ ಕಾರುಗಳನ್ನು ನಿಲ್ಲಿಸಿ ಪ್ರತಿಯೊಂದರ ಬ್ರೇಕಿನ ಬಿಸಿಯನ್ನು ಅಳೆಯುತ್ತಾರೆ. ಮಿತಿ ಮೀರಿದ್ದರೆ ಬದಿಗೆ ಹಾಕಿಸಿ, ಆರುವವರೆಗೆ ಕಾಯಿಸುತ್ತಾರೆ.

ವಿದ್ಯುತ್ ಕಾರಿಗೆ ಈ ತೊಂದರೆ ಇಲ್ಲವೆಂದು ಮಾರುವವರು ಹೇಳುತ್ತಾರೆ. ಕಾಲು ತೆಗೆದೊಡನೆ ಮೋಟಾರೇ ಡೈನಮೋ ಆಗಿ ಕಾರನ್ನು ತಡೆಯುತ್ತದೆ, ಬ್ಯಾಟರಿಗೆ ವಿದ್ಯುತ್ತನ್ನೂ ತುಂಬುತ್ತದೆ. ಚಾಲಕರ ಬಾಯಲ್ಲಿ ಇದು ‘ರೀಜೆನ್’. ಮಾತು ಮುಕ್ಕಾಲುಪಾಲು ಸತ್ಯ. ಎರಡು ಟನ್ ತೂಕದ ಕಾರು 500 ಮೀಟರ್ ಎತ್ತರದಿಂದ ಇಳಿಯುವಾಗ ಅದು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 2.7 ಯೂನಿಟ್, ಅಂದರೆ ಒಂದು ಸಣ್ಣ ಮನೆಯ ದಿನದ ಖರ್ಚಿನಷ್ಟು. ಪೆಟ್ರೋಲ್ ಕಾರಿನಲ್ಲಿ ಇದೆಲ್ಲ ಇಂಜಿನ್ನಿನ ಎಳೆತದಲ್ಲಿ, ಬ್ರೇಕಿನ ಬಿಸಿಯಲ್ಲಿ ಗಾಳಿಗೆ ಹೋಗುತ್ತದೆ. ವಿದ್ಯುತ್ ಕಾರು ಇದರ ದೊಡ್ಡ ಪಾಲನ್ನು ಮರಳಿ ಗಳಿಸುತ್ತದೆ. ಉಳಿದ ಕಾಲುಪಾಲು ಸತ್ಯ ಏನೆಂದರೆ, ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಹಿಡಿಸುವುದಿಲ್ಲ. ಘಟ್ಟದ ಮೇಲಿನ ಹೋಮ್‌ಸ್ಟೇಯಲ್ಲಿ ರಾತ್ರಿಯಿಡೀ ಚಾರ್ಜಿಗಿಟ್ಟು ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿಕೊಂಡ ಕಾರು ಬೆಳಗ್ಗೆ ಇಳಿಯಲು ಹೊರಟಿತೆನ್ನಿ. ಬ್ಯಾಟರಿಯಲ್ಲಿ ಜಾಗವಿಲ್ಲದ್ದರಿಂದ ರೀಜೆನ್ ತಗ್ಗುತ್ತದೆ ಅಥವಾ ನಿಂತೇ ಹೋಗುತ್ತದೆ. ಆಗ ಎರಡು ಟನ್ನಿನ ಪೂರ್ತಿ ಭಾರ ಸಾಧಾರಣ ಬ್ರೇಕಿನ ಮೇಲೆ ಬೀಳುತ್ತದೆ. ಗೇರು ಕೆಳಗಿಳಿಸಿ ಇಂಜಿನ್ನಿನಿಂದ ತಡೆಯುವ ಹಳೆಯ ಉಪಾಯ ಈ ಕಾರಿನಲ್ಲಿಲ್ಲ, ಬದಲಿಸಲು ಗೇರೇ ಇಲ್ಲ. ಓಟದವರಿಗೆ ಇದು ಚೆನ್ನಾಗಿ ಗೊತ್ತು. ಬ್ಯಾಟರಿ ತುಂಬಿದ ಮೊದಲ ಸುತ್ತಿನಲ್ಲಿ ಬ್ರೇಕು ಒಂದು ಬಗೆಯಾಗಿಯೂ, ಸ್ವಲ್ಪ ಬರಿದಾದ ಮೇಲೆ ಇನ್ನೊಂದು ಬಗೆಯಾಗಿಯೂ ಹಿಡಿಯುತ್ತದೆಂದು ಅವರು ಅದಕ್ಕೆ ತಕ್ಕಂತೆ ಕಾಲನ್ನು ಪಳಗಿಸಿಕೊಂಡಿರುತ್ತಾರೆ. ಘಟ್ಟದ ಮೇಲೆ ಚಾರ್ಜು ಮಾಡುವವರು 85ಕ್ಕೋ 90ಕ್ಕೋ ನಿಲ್ಲಿಸಿದರೆ ಸಾಕು, ಇಳಿಜಾರು ಉಳಿದುದನ್ನು ತುಂಬುತ್ತದೆ. ಈ ಒಂದು ಸಾಲು ಹೋಮ್‌ಸ್ಟೇಗಳ ಚಾರ್ಜಿನ ಪೆಟ್ಟಿಗೆಗಳ ಮೇಲೆ ಬರೆದಿರಬೇಕಿತ್ತು.

ಇನ್ನೊಂದು ಸೂಕ್ಷ್ಮವಿದೆ. ರೀಜೆನ್ ಇರುವುದರಿಂದ ವಿದ್ಯುತ್ ಕಾರಿನ ಬ್ರೇಕ್ ಪ್ಯಾಡುಗಳಿಗೆ ಕೆಲಸ ಕಡಿಮೆ. ಕೆಲಸವಿಲ್ಲದ ಕತ್ತಿಗೆ ತುಕ್ಕು ಹಿಡಿಯುವಂತೆ ಡಿಸ್ಕಿಗೂ ತುಕ್ಕು ಹಿಡಿಯುತ್ತದೆ. ಇದೇ ಕಾರಣದಿಂದ ಫೋಕ್ಸ್‌ವ್ಯಾಗನ್ ಕಂಪನಿ ತನ್ನ ‘ಐಡಿ 3’ ಕಾರಿನ ಹಿಂದಿನ ಗಾಲಿಗಳಿಗೆ ಡಿಸ್ಕು ಬಿಟ್ಟು ಮುಚ್ಚಿದ ಡ್ರಮ್ ಬ್ರೇಕನ್ನು ಹಾಕಿತು. ನಾಲ್ಕು ತಿಂಗಳು ಬಿಡದೆ ಹೊಯ್ಯುವ ಮಳೆಯಲ್ಲಿ ಅಂಗಳದಲ್ಲಿ ನಿಂತಿರುವ ಕಾರಿನ ಗತಿಯನ್ನು ಊಹಿಸಬಹುದು. ಬ್ರೇಕ್ ಆಯಿಲ್ ಎಂದು ಕರೆಯಲಾಗುವ ದ್ರವವೂ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಸಾಮಾನ್ಯ ದರ್ಜೆಯ ಹೊಸ ದ್ರವ 205 ಡಿಗ್ರಿಗೆ ಕುದಿದರೆ, ತೇವ ಹೀರಿದ ಹಳೆಯದು 140ಕ್ಕೇ ಕುದಿಯಬಹುದು. ಕುದಿದರೆ ಕೊಳವೆಯಲ್ಲಿ ಆವಿ. ಆವಿಯಾದರೆ ಪೆಡಲು ಒತ್ತಿದಷ್ಟೂ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಓಟದ ಕಾರಿಗೆ 300 ಡಿಗ್ರಿಯನ್ನೂ ತಾಳುವ ದ್ರವ ಹಾಕಿ ಮೇಲಿಂದ ಮೇಲೆ ಬದಲಿಸುತ್ತಾರೆ. ಘಟ್ಟದ ಕಾರಿಗೆ ಅಷ್ಟು ದುಬಾರಿಯದು ಬೇಡ. ಮಳೆಗಾಲ ಮುಗಿದ ಮೇಲೆ ಪರೀಕ್ಷೆ ಮಾಡಿಸಿ, ತೇವ ಕಂಡರೆ ಬದಲಿಸಿಕೊಂಡರೆ ಆಯಿತು. ‘ವಿದ್ಯುತ್ ಕಾರಿಗೆ ಸರ್ವಿಸೇ ಬೇಡ’ ಎಂಬ ಮಾತನ್ನು ನಂಬಿದವರು ಇದನ್ನು ಮರೆಯುತ್ತಾರೆ.

ಪೈಕ್ಸ್ ಪೀಕ್ ಬೆಟ್ಟದ ಕತೆಯಲ್ಲಿ ಮಣ್ಣಿಗೆ ಸಂಬಂಧಿಸಿದ ಒಂದು ಅಧ್ಯಾಯವಿದೆ. ಓಟದ ಅಭಿಮಾನಿಗಳು ಅದನ್ನು ಬೇಸರದಿಂದಲೇ ನೆನೆಯುತ್ತಾರೆ. ಆ ರಸ್ತೆಯ ಮೇಲ್ಭಾಗ ಬಹುಕಾಲ ಜಲ್ಲಿಯದಾಗಿತ್ತು. ಮಳೆಗೂ ಕರಗುವ ಹಿಮಕ್ಕೂ ಜಲ್ಲಿ ಕೊಚ್ಚಿಹೋಗಿ ಕೆಳಗಿನ ತೊರೆಗಳಲ್ಲಿ, ಜೌಗು ನೆಲಗಳಲ್ಲಿ ತುಂಬಿಕೊಳ್ಳುತ್ತಿತ್ತು. ಮತ್ತೆ ಹೊಸ ಜಲ್ಲಿ ಸುರಿಯಲಾಗುತ್ತಿತ್ತು. ಸಿಯೆರಾ ಕ್ಲಬ್ ಎಂಬ ಪರಿಸರ ಸಂಘಟನೆ 1990ರ ದಶಕದ ಕೊನೆಯಲ್ಲಿ ಇದರ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಆಮೇಲೆ ಆದ ಒಪ್ಪಂದದಂತೆ ರಸ್ತೆಗೆ ಹಂತಹಂತವಾಗಿ ಡಾಂಬರು ಬಿದ್ದು 2011ರಲ್ಲಿ ಆ ಕೆಲಸ ಮುಗಿಯಿತು. 2012ರಿಂದ ಓಟ ಪೂರ್ತಿ ಡಾಂಬರಿನ ಮೇಲೆಯೇ. ಧೂಳೆಬ್ಬಿಸುತ್ತ ತಿರುವಿನಲ್ಲಿ ಜಾರುವ ಹಳೆಯ ಸೊಬಗು ಹೋಯಿತೆಂದು ಅಭಿಮಾನಿಗಳು ಮರುಗಿದರು. ಬೀದಿಯ ವಿದ್ಯುತ್ ಕಾರುಗಳು ನಿಮಿಷ ಸೆಕೆಂಡುಗಳ ದಾಖಲೆ ಮಾಡುತ್ತಿರುವುದು ಹೀಗೆ ತೊರೆಗಳನ್ನು ಉಳಿಸಲೆಂದು ಹಾಕಿದ ಡಾಂಬರಿನ ಮೇಲೆ. ಪರಿಸರದವರು ಡಾಂಬರು ಕೇಳಿ ಗೆದ್ದ ಅಪರೂಪದ ಪ್ರಸಂಗ ಇದು. ಬೇರೆ ಕಡೆಗೂ ಇದೇ ಮದ್ದು ಎನ್ನುವಂತಿಲ್ಲ. ಇಲ್ಲಿ ಗಮನಿಸಬೇಕಾದದ್ದು ಒಂದೇ: ಬೆಟ್ಟದ ರಸ್ತೆಯಿಂದ ಹೊರಟ ಮಣ್ಣು ಎಲ್ಲಿಗೆ ಹೋಗುತ್ತದೆಂದು ಅವರು ಕೇಳಿದರು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ಹಿಂದಿನ ದಶಕದಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿಯ ಸುತ್ತುಗಳು ನಡೆದಾಗ ಗೆದ್ದವರ ಹೆಸರು ಪತ್ರಿಕೆಗಳಲ್ಲಿ ಬಂತು. ದಾರಿಯ ಮಣ್ಣಿನ ಸುದ್ದಿ ಅಷ್ಟಾಗಿ ಬರಲಿಲ್ಲ. ಮುಂದೆ ವಿದ್ಯುತ್ ರ‍್ಯಾಲಿ ಬಂದರೆ ‘ಹಸಿರು ಓಟ’ ಎಂಬ ಫಲಕ ಖಂಡಿತ ಇರುತ್ತದೆ. ಗಾಲಿ ಕೆದಕಿದ ಮಣ್ಣಿಗೆ ಮೋಟಾರು ಯಾವುದೆಂದು ತಿಳಿಯದು. ಭಾರ ಹೆಚ್ಚಾದಷ್ಟೂ ಕೆದಕುವುದು ಹೆಚ್ಚು.

ಡಾಂಬರಿನ ಮೇಲೆ ಓಡಿದರೂ ಲೆಕ್ಕ ಚುಕ್ತಾ ಆಗುವುದಿಲ್ಲ. ಓಟದ ಟೈರು ಬಿಸಿಯೇರಿ ಮೆತ್ತಗಾದಾಗ ಮಾತ್ರ ನೆಲವನ್ನು ಹಿಡಿಯುತ್ತದೆ, ಹಿಡಿದಷ್ಟೂ ಸವೆಯುತ್ತದೆ. ಭಾರವಾದ ವಿದ್ಯುತ್ ಕಾರಿನಲ್ಲಿ ಈ ಸವೆತ ಓಟದವರಿಗೆ ದೊಡ್ಡ ತಲೆನೋವು. ಬೀದಿಯಲ್ಲಿಯೂ ಸವೆತ ನಡೆಯುತ್ತಲೇ ಇರುತ್ತದೆ, ನಿಧಾನವಾಗಿ. ಸವೆದದ್ದು ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಉತ್ತರ ಸಿಕ್ಕಿತು. ಅಲ್ಲಿ ಮೊಟ್ಟೆಯಿಡಲು ಕಡಲಿನಿಂದ ಹೊಳೆಗೆ ಏರಿ ಬರುವ ಕೋಹೊ ಸಾಲ್ಮನ್ ಮೀನುಗಳು ಮಳೆ ಬಂದ ಬೆನ್ನಿಗೇ ಸಾಯುತ್ತಿದ್ದವು. ಟೈರು ಬೇಗ ಬಿರಿಯದಿರಲೆಂದು ಸೇರಿಸುವ 6ಪಿಪಿಡಿ ಎಂಬ ರಾಸಾಯನಿಕ ಗಾಳಿಯ ಓಝೋನಿನೊಡನೆ ಬೆರೆತು ಹುಟ್ಟುವ ವಸ್ತುವೇ ಈ ಸಾವಿಗೆ ಕಾರಣವೆಂದು 2020ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಎಲ್ಲ ಮೀನುಗಳಿಗೂ ಅದು ಅಷ್ಟು ಮಾರಕವಲ್ಲ. ಆದರೂ ಘಟ್ಟದ ರಸ್ತೆಯ ಚರಂಡಿಗಳೆಲ್ಲ ಯಾವುದಾದರೊಂದು ಹಳ್ಳಕ್ಕೇ ಕೂಡುವ ಸೀಮೆಯಲ್ಲಿ, ಹೊಗೆಯ ಕೊಳವೆ ಇಲ್ಲದ ಮಾತ್ರಕ್ಕೆ ವಾಹನವೊಂದನ್ನು ನಿರ್ಮಲವೆನ್ನುವುದು ಅವಸರದ ಮಾತು.

ಓಟದ ಪರವಾಗಿ ಹೇಳುವವರ ವಾದವನ್ನೂ ಕೇಳಬೇಕು. ಓಟದ ಅಂಗಳ ಬೀದಿಯ ಕಾರಿನ ಪ್ರಯೋಗಶಾಲೆ ಎನ್ನುತ್ತಾರೆ ಅವರು. ತಂಪಿನ ವ್ಯವಸ್ಥೆ, ರೀಜೆನ್‌ನ ಹದ, ಅಪಘಾತದಲ್ಲಿ ವಿದ್ಯುತ್ ಕಡಿಯುವ ಕ್ರಮ, ಇವೆಲ್ಲ ಓಟದಲ್ಲಿ ಮಾಗಿದ ತಿಳಿವಳಿಕೆಗಳೆಂಬುದನ್ನು ಅಲ್ಲಗಳೆಯಲಾಗದು. ಆದರೆ ಪ್ರಯೋಗಶಾಲೆಯಿಂದ ಕಂಪನಿಗಳು ಏನನ್ನು ಆಯ್ದುಕೊಂಡವು ಎಂಬುದನ್ನು ನೋಡಿದರೆ ಬೇಸರವಾಗುತ್ತದೆ. ಓಟದ ಮೊದಲ ಪಾಠ ಹಗುರಾಗುವುದು. ಬೀದಿಗೆ ಬಂದದ್ದು ಶಕ್ತಿ ಮಾತ್ರ. ಅಯೋನಿಕ್ 5 ಎನ್ ಕಾರಿನ ತೂಕ ಎರಡು ಟನ್ನಿಗೂ ಮೇಲೆ. ಒಬ್ಬ ಮನುಷ್ಯ ಹಾಲು ತರಲು ಹೋಗುವಾಗಲೂ ಅದು ಅಷ್ಟೇ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ಸೀಸದ ಬ್ಯಾಟರಿಯ ಭಾರವನ್ನು ಹೊತ್ತೂ ಸುಮಾರು ಮುಕ್ಕಾಲು ಟನ್ನಿನಲ್ಲಿ ಮುಗಿದಿತ್ತು. ಜನ ಅದನ್ನು ನೋಡಿ ನಕ್ಕರು. ಅಪಘಾತದ ದೃಷ್ಟಿಯಿಂದ ಅದು ದುರ್ಬಲವಾಗಿತ್ತು, ದೂರಕ್ಕೂ ಆಗುತ್ತಿರಲಿಲ್ಲ. ಆ ಟೀಕೆ ನ್ಯಾಯವಾದುದೇ. ಆದರೆ ರೇವಾದ ಹಗುರತನಕ್ಕೆ ಇಂದಿನ ಬ್ಯಾಟರಿಯನ್ನೂ ಓಟದ ಪಂಜರದ ಗಟ್ಟಿತನವನ್ನೂ ಕೂಡಿಸುವ ದಾರಿಯೊಂದಿತ್ತು. 2011ರ ಓಟದ ಲೀಫ್ ಆ ದಾರಿಯನ್ನು ತೋರಿಸಿಯೂ ಇತ್ತು. ಕಾರ್ಬನ್ ನಾರು ದುಬಾರಿ ನಿಜ. ನೆಲಹಾಸು, ಪರದೆ, ಗಾಜಿನ ಚಾವಣಿಗಳನ್ನು ಬಿಡುವುದಕ್ಕೆ ಖರ್ಚಿಲ್ಲ. ಆ ದಾರಿ ಹಿಡಿಯುವವರು ಕಡಿಮೆ, ಏಕೆಂದರೆ ದೊಡ್ಡ ಕಾರಿನಲ್ಲಿ ಲಾಭ ಹೆಚ್ಚು.

ಖರ್ಚಿನ ಲೆಕ್ಕವೂ ಇರಲಿ. ಓಟದ ಲೀಫ್ ಒಂದು ಚಾರ್ಜಿನಲ್ಲಿ ಸುಮಾರು 20 ನಿಮಿಷ ಓಡಬಲ್ಲದೆಂದು ನಿಸ್ಸಾನ್ ಹೇಳಿತ್ತು. ಸರಾಸರಿ 100 ಕಿಲೋಮೀಟರ್ ವೇಗವೆಂದರೂ 33 ಕಿಲೋಮೀಟರಿಗೆ 24 ಯೂನಿಟ್ ಮುಗಿಯಿತು. ಅಷ್ಟೇ ವಿದ್ಯುತ್ತಿನಲ್ಲಿ ಬೀದಿಯ ಲೀಫ್ ಇದರ ಮೂರು ಪಟ್ಟಿಗೂ ಹೆಚ್ಚು ದೂರ ಹೋಗುತ್ತಿತ್ತು. ಹಗುರಾದ ಕಾರೇ ಹೆಚ್ಚು ತಿಂದದ್ದು ವೇಗದಿಂದ. ಅಂದರೆ ಹಗುರತನದ ಗಳಿಕೆಯನ್ನು ಕಾಲಿನ ಒಂದು ಒತ್ತು ನುಂಗಿಹಾಕಬಲ್ಲದು. ಕೆಲವು ಅಂಗಳಗಳಲ್ಲಿ ಇಂಥ ಕಾರುಗಳನ್ನು ಚಾರ್ಜು ಮಾಡಲು ಡೀಸೆಲ್ ಜನರೇಟರು ತಂದಿಡುವುದೂ ಉಂಟು.

ವಿದ್ಯಾರ್ಥಿಗಳಲ್ಲಿ ಈ ವಿಷಯದ ಆಸಕ್ತಿ ಇದ್ದರೆ ಅದನ್ನು ಚಿವುಟಬಾರದು. ಕೊಯಮತ್ತೂರಿನ ಕಾರಿ ಓಟದ ಅಂಗಳದಲ್ಲಿ ನಡೆಯುವ ‘ಫಾರ್ಮುಲಾ ಭಾರತ್’ ಸ್ಪರ್ಧೆಯಲ್ಲಿ ದೇಶದ ಇಂಜಿನಿಯರಿಂಗ್ ಕಾಲೇಜುಗಳ ತಂಡಗಳು ತಾವೇ ಕಟ್ಟಿದ ವಿದ್ಯುತ್ ಕಾರುಗಳನ್ನು ತರುತ್ತವೆ. ಅಲ್ಲಿ ಓಡುವ ಮುನ್ನ ಬ್ಯಾಟರಿಯ ಕಟ್ಟೋಣ, ವಿದ್ಯುತ್ ಕಡಿತ, ಬ್ರೇಕು ಎಲ್ಲವೂ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ಮನೆಯ ಕಾರನ್ನೇ ಬಿಚ್ಚಿ ಓಟದ ಕಾರು ಮಾಡಿ ಮತ್ತೆ ರಸ್ತೆಗೆ ತರುತ್ತೇನೆಂಬವರಿಗೆ ಮಾತ್ರ ಕಾನೂನು ಅಡ್ಡ ಬರುತ್ತದೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರು ನಿಗದಿ ಮಾಡಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸಕೂಡದು. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಹೀಗೆ ಮಾರ್ಪಟ್ಟ ಕಾರಿಗೆ ಅಂಗಳವೇ ಸರಿಯಾದ ಜಾಗ. ಘಟ್ಟದ ತಿರುವುಗಳಲ್ಲಿ ರಾತ್ರಿ ಹೊತ್ತು ಸದ್ದಿಲ್ಲದೆ ಹಾರಿಹೋಗುವ ಕಾರು ಕಾಡುಪ್ರಾಣಿಗೆ ಸದ್ದಿನ ಕಾರಿಗಿಂತ ಅಪಾಯಕಾರಿ.

ವಿದ್ಯುತ್ ವಾಹನ ಘಟ್ಟಕ್ಕೆ ಬರಲಿದೆಯೇ ಎಂಬ ಪ್ರಶ್ನೆ ಹಳತಾಯಿತು. ಕೆ.ಎಸ್.ಆರ್.ಟಿ.ಸಿ.ಯ ವಿದ್ಯುತ್ ಬಸ್ಸುಗಳು 2023ರಿಂದ ಬೆಂಗಳೂರಿನಿಂದ ಮಡಿಕೇರಿಗೂ ಚಿಕ್ಕಮಗಳೂರಿಗೂ ಓಡಾಡಿವೆ. ಬಸ್ಸಿನ ತೂಕದೆದುರು ಕಾರಿನ ಎರಡು ಟನ್ ಏನೂ ಅಲ್ಲ. ಹಾಗಿರುವಾಗ ಗ್ರಾಮಸಭೆಗಳೂ ಪ್ರಯಾಣಿಕರ ಸಂಘಗಳೂ ಸಾರಿಗೆ ಇಲಾಖೆಯ ಮುಂದೆ ಇಡಬೇಕಾದ ಬೇಡಿಕೆ ಸರಳವಾದುದು. ತುಂಬಿದ ಬ್ಯಾಟರಿಯೊಂದಿಗೆ, ತುಂಬಿದ ಪ್ರಯಾಣಿಕರೊಂದಿಗೆ, ಮಳೆಗಾಲದಲ್ಲಿ ಘಟ್ಟ ಇಳಿದಾಗ ಬ್ರೇಕಿನ ಬಿಸಿ ಎಷ್ಟಾಯಿತು ಎಂಬುದನ್ನು ಅಳೆದು ಪ್ರಕಟಿಸಲಿ. ಓಟದ ತಂಡಗಳು ಪ್ರತಿ ಸುತ್ತಿನ ಬಳಿಕ ಗಾಲಿಯ ಬಳಿ ಕುಳಿತು ಈ ಅಂಕಿಯನ್ನು ಬರೆದುಕೊಳ್ಳುತ್ತವೆ. ಚಾರ್ಮಾಡಿ, ಶಿರಾಡಿ, ಬಾಳೆಬರೆ ಘಟ್ಟಗಳ ಇಳಿಜಾರಿನ ನಡುವೆ ಗ್ಲೆನ್ ಕೋವ್ ಮಾದರಿಯ ನಿಲುಗಡೆಗೆ ಬೇಕಾದದ್ದು ರಸ್ತೆಬದಿಯಲ್ಲಿ ಒಂದಿಷ್ಟು ಸಮತಟ್ಟು ಜಾಗ, ಮಳೆಗೆ ಒಂದು ಮಾಡು, ಒಬ್ಬ ಸಿಬ್ಬಂದಿ, ಮತ್ತು ದೂರದಿಂದಲೇ ಬಿಸಿ ಅಳೆಯುವ ಕೈ ಥರ್ಮಾಮೀಟರು. ಕೋವಿಡ್ ಕಾಲದಲ್ಲಿ ಅಂಗಡಿಗಳ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಉಪಕರಣದ್ದೇ ಜಾತಿ ಅದು, ಇನ್ನಷ್ಟು ಹೆಚ್ಚಿನ ಬಿಸಿಯನ್ನು ಅಳೆಯುವಂಥದು ಅಷ್ಟೆ.